ಒತ್ತಿದರೂ ಮಾಯವಾಗದ ಕಲೆ

ಓದುಗರ ಪ್ರಶ್ನೆ, ಡಾಕ್ಟರ ಉತ್ತರ

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನನಗೆ 58 ವರ್ಷ. ಮುಳ್ಳೇರಿಯಾದ ಹತ್ತಿರ ಅಡಿಕೆ ತೋಟ ಇದೆ. ಆರು ವರ್ಷದ ಹಿಂದೆ ರಕ್ತ ಜಾಸ್ತಿಯಾಗುವ ಕಾಯಿಲೆ ಅಂತ ಗೊತ್ತಾಯಿತು. ಚೀಟಿಯಲ್ಲಿ ಪಾಲಿಸೈಥೀಮಿಯಾ ವೆರಾ ಎಂದು ಬರೆದಿದ್ದಾರೆ. ಹೈಡ್ರಾಕ್ಸಿಯೂರಿಯಾ 500 ಕ್ಯಾಪ್ಸೂಲ್ ದಿನಕ್ಕೆ ಎರಡು, ಆಸ್ಪಿರಿನ್ 75 ಒಂದು ತೆಗೆದುಕೊಳ್ಳುತ್ತೇನೆ. ಮೊದಲು ಆಗಾಗ ರಕ್ತ ತೆಗೆಸುತ್ತಿದ್ದೆ, ಒಂದು ವರ್ಷದಿಂದ ಅದರ ಅಗತ್ಯ ಬಿದ್ದಿಲ್ಲ. ಈ ಮಳೆಗಾಲದಲ್ಲಿ ಪಾದದ ಹತ್ತಿರದ ಕಾಲಿನ ಗಂಟಿನ ಸುತ್ತ ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕಿಗಳು ಬಂದಿವೆ. ತುರಿಕೆ ಇಲ್ಲ, ನೋವಿಲ್ಲ. ಮುಂಗೈಯಲ್ಲಿ ಆಗಾಗ ನೀಲಿ ಕಲೆ ಏಳುತ್ತದೆ. ಉಗುರಿನಲ್ಲಿ ಕಪ್ಪು ಗೆರೆ ಇದೆ. ರಕ್ತದ ಡಾಕ್ಟ್ರಿಗೆ ತೋರಿಸಿದರೆ ಚರ್ಮದವರನ್ನು ಕೇಳಿ ಎಂದರು. ಚರ್ಮದ ಡಾಕ್ಟ್ರು ಒಂದು ಮುಲಾಮು ಬರೆದು, ಇದು ರಕ್ತದ್ದು ಎಂದರು. ಮನೆಯವಳು ನಾಗದೋಷ ಎನ್ನುತ್ತಾಳೆ. ಕ್ಯಾಪ್ಸೂಲ್‌ನಿಂದಲೇ ಇರಬಹುದು ಎಂದು ಹತ್ತು ದಿನ ಬಿಟ್ಟೂ ನೋಡಿದೆ. ಏನು ಮಾಡಲಿ?

ಉತ್ತರ: ಬೈಯುವುದನ್ನು ಮೊದಲೇ ಮುಗಿಸಿಬಿಡುತ್ತೇನೆ. ಕ್ಯಾಪ್ಸೂಲ್ ಬಿಟ್ಟದ್ದು ತಪ್ಪು ಮಾರಾಯ್ರೆ. ನಿಮ್ಮ ಕಾಯಿಲೆಯಲ್ಲಿ ಹೆದರಬೇಕಾದದ್ದು ಚುಕ್ಕಿಗಲ್ಲ, ರಕ್ತ ಹೆಪ್ಪುಗಟ್ಟುವುದಕ್ಕೆ. ರಕ್ತ ದಪ್ಪವಾಗಿ ಮೆದುಳಿಗೋ ಹೃದಯಕ್ಕೋ ಹೋಗುವ ದಾರಿ ಕಟ್ಟಿಕೊಂಡರೆ ಕಲೆಯ ಯೋಚನೆ ಮಾಡಲು ಪುರುಸೊತ್ತೇ ಇರುವುದಿಲ್ಲ. ನಿಮ್ಮ ಲ್ಯಾಬ್ ರಿಪೋರ್ಟಿನಲ್ಲಿ ಪಿಸಿವಿ ಅಂತ ಒಂದು ಸಾಲು ಇರುತ್ತದಲ್ಲ, ರಕ್ತದಲ್ಲಿ ಕೆಂಪು ಕಣ ನೂರಕ್ಕೆ ಎಷ್ಟು ಪಾಲು ಎನ್ನುವ ಲೆಕ್ಕ, ಅದು 45ಕ್ಕಿಂತ ಕೆಳಗೆ ಇರಲಿ ಎಂದೇ ಇಷ್ಟೆಲ್ಲ ಔಷಧಿ. ಆ ರಕ್ತದ ಡಾಕ್ಟ್ರಿಗೆ ಇವತ್ತೇ ಫೋನ್ ಮಾಡಿ, ಹತ್ತು ದಿನ ಬಿಟ್ಟಿದ್ದೆ ಎಂದು ಮುಚ್ಚುಮರೆ ಇಲ್ಲದೆ ಹೇಳಿ. ಈಗ ರಕ್ತ ಪರೀಕ್ಷೆ ಬೇಕೇ ಬೇಕು.

ಇನ್ನು ಕಲೆಗಳಿಗೆ ಬರೋಣ. ನೀವು ಮೂರನ್ನೂ ಒಂದೇ ಗಂಟಿಗೆ ಕಟ್ಟಿದ್ದೀರಿ. ನೀವೊಬ್ಬರೇ ಅಲ್ಲ, ಹೆಚ್ಚಿನವರು ಹಾಗೆಯೇ ಮಾಡುತ್ತಾರೆ. ಆದರೆ ಗಂಟಿನ ಚುಕ್ಕಿ, ಮುಂಗೈಯ ನೀಲಿ, ಉಗುರಿನ ಗೆರೆ ಮೂರೂ ಬೇರೆ ಬೇರೆ ಮನೆಯವು.

ನನ್ನ ಮೇಜಿನ ಮೇಲೆ ಬಿಪಿ ಯಂತ್ರದ ಪಕ್ಕ ಒಂದು ಗಾಜಿನ ಲೋಟ ಇರುತ್ತದೆ. ಕುಡಿಯಲು ಇಟ್ಟದ್ದು ಎಂದುಕೊಂಡು ಒಬ್ಬ ಅಜ್ಜ ಹೂಜಿಯಿಂದ ನೀರು ಬಗ್ಗಿಸಿ ಕುಡಿದದ್ದೂ ಇದೆ. ಅದು ಅಲ್ಲಿಗೆ ಬಂದದ್ದು ನನ್ನ ಒಂದು ತಪ್ಪಿನಿಂದ. ಇಪ್ಪತ್ತು ವರ್ಷದ ಹಿಂದಿನ ಮಾತು. ಆಷಾಢದ ಮಳೆ, ಕರೆಂಟು ಇಲ್ಲ. ಬೀಡಿ ಕಟ್ಟುವ ಒಬ್ಬ ಹೆಂಗಸು ಬಂದಳು. ಪ್ಲೇಟ್‌ಲೆಟ್, ಅಂದರೆ ರಕ್ತ ಸೋರದಂತೆ ತಡೆಯುವ ಕಣ, ಕಡಿಮೆಯಾಗುವ ಕಾಯಿಲೆ ಅವಳಿಗೆ ಹಳತು. ಕಾಲಿನ ತುಂಬ ಚುಕ್ಕಿ. ನಾನು ಟಾರ್ಚು ಬಿಟ್ಟು ನೋಡಿ ನುಸಿ ಕಚ್ಚಿದ್ದು ಎಂದೆ, ಹಚ್ಚಲು ಮುಲಾಮು ಕೊಟ್ಟೆ. ಮೂರನೆಯ ದಿನ ಅವಳು ಸೆರಗಿನಿಂದ ಬಾಯಿ ಒತ್ತಿಕೊಂಡು ಬಂದಳು. ಒಸಡಿನಿಂದ ರಕ್ತ ನಿಲ್ಲುತ್ತಿರಲಿಲ್ಲ. ಪ್ಲೇಟ್‌ಲೆಟ್ ನೋಡಿದರೆ ಒಂಬತ್ತು ಸಾವಿರ. ಇರಬೇಕಾದದ್ದು ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ. ಅವಳು ಬದುಕಿಕೊಂಡಳು, ನನ್ನ ಪುಣ್ಯ. ಮರುದಿನವೇ ಲೋಟ ತಂದಿಟ್ಟೆ.

ಲೋಟದ ಕೆಲಸ ಇಷ್ಟೇ. ಪಾರದರ್ಶಕ ಗಾಜನ್ನು ಚುಕ್ಕಿಯ ಮೇಲೆ ಇಟ್ಟು ಒತ್ತಿ, ಗಾಜಿನ ಮೂಲಕವೇ ನೋಡಿ. ನುಸಿ ಕಚ್ಚಿದ್ದು, ಅಲರ್ಜಿ, ಪಿತ್ತದ ಗಂದೆ ಆದರೆ ಕೆಂಪು ಮಾಯವಾಗುತ್ತದೆ. ಯಾಕೆಂದರೆ ಅಲ್ಲಿ ರಕ್ತ ಇನ್ನೂ ನಾಳದ ಒಳಗೇ ಇದೆ, ಒತ್ತಿದರೆ ಪಕ್ಕಕ್ಕೆ ಸರಿಯುತ್ತದೆ. ಒತ್ತಿದರೂ ಬಣ್ಣ ಹಾಗೇ ಉಳಿದರೆ ರಕ್ತ ನಾಳದಿಂದ ಹೊರಗೆ ಜಿನುಗಿ ಚರ್ಮದಲ್ಲಿ ಕೂತಿದೆ ಎಂದರ್ಥ. ಹಗಲು ಬೆಳಕಿನಲ್ಲಿ, ಜಗಲಿಯಲ್ಲಿ ಕೂತು ಮಾಡಿ. ಪುಸ್ತಕದ ಚಿತ್ರಗಳೆಲ್ಲ ಬಿಳಿ ಚರ್ಮದವು. ನಮ್ಮ ಬಣ್ಣದ ಮೇಲೆ ಈ ಚುಕ್ಕಿ ಕೆಂಪಾಗಿ ಕಾಣುವುದು ಕಡಿಮೆ, ನೇರಳೆಯೋ ಕಪ್ಪೋ ಆಗಿ ಕಾಣುತ್ತದೆ. ಅದಕ್ಕೇ ಬಾಯಿಯ ಒಳಗೆ, ಕೆಳರೆಪ್ಪೆಯ ಒಳಗೆ ಕೂಡ ನೋಡಬೇಕು.

ನಿಮ್ಮ ಚುಕ್ಕಿಗೆ ತುರಿಕೆ ಇಲ್ಲ, ನೋವಿಲ್ಲ, ಕಾಲಿನ ಗಂಟಿನ ಸುತ್ತವೇ ಇದೆ. ಒತ್ತಿದರೆ ಹೋಗದ ಜಾತಿ ಎಂದೇ ನನ್ನ ಊಹೆ. ಗಂಟಿನ ಹತ್ತಿರವೇ ಯಾಕೆ? ದಿನವಿಡೀ ನಿಂತು ಕೆಲಸ ಮಾಡುವವರಿಗೆ ರಕ್ತದ ಭಾರವೆಲ್ಲ ಕೆಳಗೆ. ಸೋರುವ ಪೈಪು ತಗ್ಗಿನಲ್ಲೇ ಮೊದಲು ಸೋರುತ್ತದೆ, ಅಲ್ವಾ? ಸೋರಲು ಕಾರಣ ನಿಮ್ಮಲ್ಲಿ ಮೂರು ಇರಬಹುದು. ಹೈಡ್ರಾಕ್ಸಿಯೂರಿಯಾ ಕೆಂಪು ಕಣದ ಜೊತೆ ಪ್ಲೇಟ್‌ಲೆಟ್ಟನ್ನೂ ಇಳಿಸುತ್ತದೆ, ಕೆಲವೊಮ್ಮೆ ಜಾಸ್ತಿಯೇ ಇಳಿಸುತ್ತದೆ. ಇಲ್ಲವೇ ಅದರ ಉಲ್ಟಾ. ಈ ಕಾಯಿಲೆಯಲ್ಲಿ ಪ್ಲೇಟ್‌ಲೆಟ್ ಹತ್ತು ಲಕ್ಷ ದಾಟಿದರೂ ರಕ್ತ ಸೋರಬಹುದು. ವಿಚಿತ್ರ ಅನ್ನಿಸುತ್ತದೆ, ಆದರೆ ನಿಜ. ಅಷ್ಟೊಂದು ಪ್ಲೇಟ್‌ಲೆಟ್‌ಗಳು ಸೇರಿ, ರಕ್ತ ನಿಲ್ಲಿಸಲು ಬೇಕಾದ ಒಂದು ಪ್ರೋಟೀನನ್ನು ಖಾಲಿ ಮಾಡಿಬಿಡುತ್ತವೆ. ಮೂರನೆಯದು ಆಸ್ಪಿರಿನ್. ಒಮ್ಮೆ ಆಸ್ಪಿರಿನ್ ತಾಗಿದ ಪ್ಲೇಟ್‌ಲೆಟ್ ತನ್ನ ಆಯುಷ್ಯವಿಡೀ, ಅಂದರೆ ಏಳರಿಂದ ಹತ್ತು ದಿನ, ಸರಿಯಾಗಿ ಅಂಟುವುದಿಲ್ಲ. ಈ ಮೂರರಲ್ಲಿ ಯಾವುದು ಎಂದು ಮುಲಾಮು ಹೇಳುವುದಿಲ್ಲ. ರಕ್ತ ಪರೀಕ್ಷೆ ಹೇಳುತ್ತದೆ.

ಚುಕ್ಕಿ ಹಳತಾದ ಮೇಲೆ ಕಂದು ಬಣ್ಣ ಉಳಿದರೆ ಗಾಬರಿಯಾಗಬೇಡಿ. ಒದ್ದೆ ಪಂಚೆಗೆ ಮೊಳೆಯ ತುಕ್ಕು ಹಿಡಿದಂತೆ ಅದು, ಚರ್ಮದಲ್ಲಿ ಉಳಿದ ರಕ್ತದ ಕಬ್ಬಿಣ. ಹೋಗಲು ತಿಂಗಳುಗಳು ಬೇಕು. ಮುಲಾಮು ಹಾಕಿ ತಿಕ್ಕಿದರೆ ಬೇಗ ಹೋಗುವುದಿಲ್ಲ.

ಮುಂಗೈಯ ನೀಲಿ ಸುಲಭದ್ದು. ವಯಸ್ಸಾದಂತೆ ಬಿಸಿಲು ತಿಂದ ಮುಂಗೈ ಚರ್ಮ ತೆಳುವಾಗುತ್ತದೆ. ಆಸ್ಪಿರಿನ್ ಬೇರೆ. ಅಡಿಕೆ ಗೋಣಿ ಎತ್ತುವಾಗ ಒಂಚೂರು ಉಜ್ಜಿದರೂ ಸಾಕು. ಉಗುರಿನ ಗೆರೆ ಹೈಡ್ರಾಕ್ಸಿಯೂರಿಯಾದ್ದು, ನನ್ನ ಪ್ರಕಾರ. ಉದ್ದುದ್ದ, ಹಲವು ಬೆರಳಿನಲ್ಲಿ ಇದ್ದರೆ ತೊಂದರೆ ಇಲ್ಲ. ಒಂದೇ ಬೆರಳಿನಲ್ಲಿದ್ದು ಅಗಲವಾಗುತ್ತಾ ಹೋದರೆ ಮಾತ್ರ ಚರ್ಮದ ಡಾಕ್ಟ್ರಿಗೆ ಬಿಡದೆ ತೋರಿಸಿ.

ನೀವು ಕೇಳದ ಎರಡು ವಿಷಯ ಹೇಳುತ್ತೇನೆ, ತೋಟದವರಾದ್ದರಿಂದ. ಈ ಕ್ಯಾಪ್ಸೂಲನ್ನು ವರ್ಷಗಟ್ಟಲೆ ತೆಗೆದುಕೊಳ್ಳುವವರಲ್ಲಿ ಕೆಲವರಿಗೆ ಕಾಲಿನ ಗಂಟಿನ ಬಳಿ ಹುಣ್ಣಾಗುತ್ತದೆ. ಸಣ್ಣದಾಗಿಯೇ ಶುರು, ನೋವು ಮಾತ್ರ ವಿಪರೀತ, ಏನು ಹಚ್ಚಿದರೂ ಮಾಯುವುದಿಲ್ಲ. ಅಡಿಕೆ ಹಾಳೆ ತಾಗಿತ್ತು, ಇಂಬಳ ಕಚ್ಚಿತ್ತು ಎಂದು ಜನ ಮೂರು ತಿಂಗಳು ಕಳೆಯುತ್ತಾರೆ. ಎರಡು ವಾರದಲ್ಲಿ ಮಾಯದ ಗಾಯ ಕಂಡರೆ ರಕ್ತದ ಡಾಕ್ಟ್ರಿಗೆ ಹೇಳಿ. ಔಷಧಿ ಬದಲಾಯಿಸಬೇಕಾಗಬಹುದು. ಎರಡನೆಯದು ಬಿಸಿಲು. ಬಿಸಿಲು ಬೀಳುವ ಕಡೆ ಒರಟು, ಸಿಪ್ಪೆ ಏಳುವ ಕಲೆ, ಮುಂದೆ ಚರ್ಮದ ಕ್ಯಾನ್ಸರ್ ಕೂಡ ಈ ಔಷಧಿಯ ಜೊತೆ ಬರಬಹುದು. ನಮ್ಮ ಹಾಳೆ ಟೊಪ್ಪಿ ಒಳ್ಳೆಯದೇ, ಆದರೆ ಅದಕ್ಕೆ ಅಂಚಿಲ್ಲ. ನೆತ್ತಿ ಮಾತ್ರ ನೆರಳಲ್ಲಿ, ಕಿವಿ ಮತ್ತು ಕುತ್ತಿಗೆ ಬಿಸಿಲಲ್ಲಿ. ಅಡಿಕೆ ಒಣಗಿಸುವ ಅಂಗಳದಲ್ಲಿ ಕೆಲಸ ಇದ್ದಾಗ ಕೆಳಗೊಂದು ಬೈರಾಸು ಇಳಿಬಿಟ್ಟು ಟೊಪ್ಪಿ ಹಾಕಿ. ತುಂಬು ತೋಳಿನ ಅಂಗಿ ಹಾಕಿ.

ಬಚ್ಚಲಿನಿಂದ ಬಂದ ಮೇಲೆ ಮೈಯೆಲ್ಲ ಚುಚ್ಚಿದಂತೆ ತುರಿಸುತ್ತದೆಯೇ? ನೀವು ಬರೆದಿಲ್ಲ, ಆದರೆ ಈ ಕಾಯಿಲೆಯವರಲ್ಲಿ ತುಂಬಾ ಜನಕ್ಕೆ ಇದೆ. ನೀರು ತಾಗಿದರೆ ಸಾಕು, ಚರ್ಮದ ಮೇಲೆ ಏನೂ ಕಾಣುವುದಿಲ್ಲ, ತುರಿಕೆ ಮಾತ್ರ. ಹಂಡೆಯ ಸುಡುನೀರು ಬಿಟ್ಟು ಉಗುರು ಬೆಚ್ಚಗಿನ ನೀರಿನಲ್ಲಿ ಬೇಗ ಸ್ನಾನ ಮುಗಿಸಿ. ಕೆರೆದುಕೊಂಡರೆ ಅಲ್ಲೂ ರಕ್ತದ ಚುಕ್ಕಿ ಏಳುತ್ತದೆ, ಆಮೇಲೆ ಅದನ್ನೊಂದು ಹೊಸ ಕಾಯಿಲೆ ಎಂದು ಹುಡುಕುತ್ತಾ ಕೂರುತ್ತೀರಿ. ಹಾಗೆಯೇ ಸುಸ್ತು ಎಂದು ಕಬ್ಬಿಣದ ಟಾನಿಕ್ ತಂದು ಕುಡಿಯಬೇಡಿ. ರಕ್ತ ತೆಗೆಸಿ ತೆಗೆಸಿ ನಿಮ್ಮಲ್ಲಿ ಕಬ್ಬಿಣ ಕಡಿಮೆಯೇ ಇರಬಹುದು. ಆದರೆ ಕಬ್ಬಿಣ ಸಿಕ್ಕಿದರೆ ಮಜ್ಜೆ ಮತ್ತೆ ಕೆಂಪು ಕಣ ತಯಾರಿಸಲು ಕೂರುತ್ತದೆ.

ಒಬ್ಬ ಡಾಕ್ಟ್ರು ಇನ್ನೊಬ್ಬರ ಕಡೆ ಕೈ ತೋರಿಸಿದ್ದು ಓದಿ ಬೇಜಾರಾಯಿತು. ಗಡಿನಾಡಿನವರಿಗೆ ಇದು ಹೊಸತಲ್ಲ ಬಿಡಿ. ತಲಪಾಡಿ ಗಡಿಯ ಈಚೆ ಕೇಳಿದರೆ ಆಚೆ ಎನ್ನುತ್ತಾರೆ, ಆಚೆ ಕೇಳಿದರೆ ಈಚೆ. ಇದಕ್ಕೆ ನಾನು ಕಂಡುಕೊಂಡ ದಾರಿ ಒಂದು ನೋಟು ಪುಸ್ತಕ. ಚುಕ್ಕಿ ಬಂದ ದಿನ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಡಿ, ಗಾತ್ರ ತಿಳಿಯುತ್ತದೆ. ಲೋಟ ಒತ್ತಿ ಇನ್ನೊಂದು ಫೋಟೋ ತೆಗೆಯಿರಿ. ಆ ವಾರದ ಪ್ಲೇಟ್‌ಲೆಟ್, ಪಿಸಿವಿ, ನಡುವೆ ನುಂಗಿದ ಬೇರೆ ಮಾತ್ರೆ, ಕಷಾಯ ಎಲ್ಲ ಅದರಲ್ಲಿ ಬರೆಯಿರಿ. ಬೆನ್ನು ನೋವಿಗೆ ಮೆಡಿಕಲ್‌ನಿಂದ ತಂದ ಡೈಕ್ಲೋಫೆನಾಕ್ ಕೂಡ. ಆಸ್ಪಿರಿನ್ ಜೊತೆ ಅದು ಬೇಡವೇ ಬೇಡ. ಕನ್ನಡದಲ್ಲೇ ಬರೆಯಿರಿ, ಅಂಕಿ ಎಲ್ಲರಿಗೂ ಓದಲು ಬರುತ್ತದೆ. ಇದನ್ನು ಇಬ್ಬರು ಡಾಕ್ಟ್ರ ಮೇಜಿನ ಮೇಲೂ ಇಡಿ.

ಇದಕ್ಕೆಲ್ಲ ಕಾಯದೆ ಓಡಬೇಕಾದ ಸಂದರ್ಭವೂ ಇದೆ. ಬಾಯಿಯೊಳಗೆ ರಕ್ತ ತುಂಬಿದ ಗುಳ್ಳೆ, ನಿಲ್ಲದ ಮೂಗಿನ ರಕ್ತ, ಡಾಮರಿನಂಥ ಕಪ್ಪು ಮಲ, ಇದ್ದಕ್ಕಿದ್ದಂತೆ ಜೋರು ತಲೆನೋವು, ಒಂದು ಬದಿ ಕೈಕಾಲು ಸೋಲುವುದು, ಜ್ವರದ ಜೊತೆ ಗಂಟೆಗಂಟೆಗೆ ಹರಡುವ ಚುಕ್ಕಿ. ಕಾಲ್ಬೆರಳು ಉರಿದು ನೀಲಿಯಾದರೂ ಹಾಗೆಯೇ, ಅದು ಸೋರಿದ್ದಲ್ಲ, ಕಟ್ಟಿಕೊಂಡದ್ದು.

ಮನೆಯವರು ನಾಗನಿಗೆ ತಂಬಿಲ ಕೊಡಿಸಲಿ. ಬೇಡ ಎನ್ನಲು ನಾನು ಯಾರು? ನಮ್ಮ ಮನೆಯಲ್ಲೂ ಉಂಟು. ರಕ್ತ ಪರೀಕ್ಷೆ ಮೊದಲಾಗಲಿ, ಅಷ್ಟೇ.

ಪ್ರಶ್ನೆ: ಮಗಳಿಗೆ 11 ವರ್ಷ. ಎರಡು ವರ್ಷದಿಂದ ಐಟಿಪಿ, ಅಂದರೆ ಪ್ಲೇಟ್‌ಲೆಟ್ ಕಡಿಮೆಯಾಗುವ ಕಾಯಿಲೆ ಇದೆ. ಪ್ಲೇಟ್‌ಲೆಟ್ 45 ಸಾವಿರದ ಆಸುಪಾಸಿನಲ್ಲಿ ಇರುತ್ತದೆ. ಯಕ್ಷಗಾನ ಕಲಿಯುತ್ತಾಳೆ. ವೇಷ ಕಳಚಿದ ರಾತ್ರಿ ಗೆಜ್ಜೆ ಕಟ್ಟಿದ ಜಾಗದಲ್ಲಿ, ತೋಳಿನಲ್ಲಿ ಬಳೆಯಂತೆ ಚುಕ್ಕಿಗಳ ಸಾಲು ಕಾಣುತ್ತದೆ. ಕಾಯಿಲೆ ಜೋರಾಗಿದೆಯೇ? ಕುಣಿತ ಬಿಡಿಸಬೇಕೇ? ಪಪ್ಪಾಯಿ ಎಲೆ ರಸ ಕೊಡಬಹುದೇ? (ಉಪ್ಪಳದ ಒಬ್ಬ ತಾಯಿ)

ಉತ್ತರ: ಚುಕ್ಕಿ ಬಳೆಯ ಆಕಾರದಲ್ಲಿದೆ ಎಂದು ನೀವೇ ಬರೆದಿದ್ದೀರಿ, ಉತ್ತರ ಅದರಲ್ಲೇ ಇದೆ. ಡೆಂಗಿ ಸಂಶಯ ಬಂದಾಗ ನಾವು ಬಿಪಿ ಪಟ್ಟಿಯನ್ನು ತೋಳಿಗೆ ಬಿಗಿದು ಐದು ನಿಮಿಷ ಬಿಟ್ಟು ಚುಕ್ಕಿ ಎಣಿಸುವುದುಂಟು. ವೇಷದ ಕಟ್ಟು ನಿಮ್ಮ ಮಗಳಿಗೆ ಅದೇ ಪರೀಕ್ಷೆಯನ್ನು ಇಡೀ ರಾತ್ರಿ ಮಾಡಿದೆ. ಬಿಗಿದ ಜಾಗದಲ್ಲಿ ಮಾತ್ರ ಬಂದು ಒಂದೆರಡು ದಿನದಲ್ಲಿ ಮಾಸಿದರೆ ಅದನ್ನೇ ಕಂಡು ಕಾಯಿಲೆ ಜೋರಾಯಿತು ಎನ್ನಬೇಕಾಗಿಲ್ಲ. ಬಿಗಿಯದ ಜಾಗದಲ್ಲಿ, ಎದೆಯಲ್ಲಿ, ಬಾಯಿಯಲ್ಲಿ ಬಂದರೆ ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ.

ಪಪ್ಪಾಯಿ ಎಲೆ ಡೆಂಗಿಯ ಕಾಲದಲ್ಲಿ ಹೆಸರು ಮಾಡಿದ ಮದ್ದು. ಡೆಂಗಿಯಲ್ಲಿ ಜ್ವರ ಇಳಿದ ಮೇಲೆ ಪ್ಲೇಟ್‌ಲೆಟ್ ತಾನಾಗಿಯೇ ಏರುತ್ತದೆ, ಹೆಸರು ಎಲೆಗೆ ಹೋಗುತ್ತದೆ. ಐಟಿಪಿಯ ಕತೆ ಬೇರೆ. ಇಲ್ಲಿ ಅವಳ ಮೈಯ ಕಾವಲುಗಾರರೇ ಪ್ಲೇಟ್‌ಲೆಟ್ಟನ್ನು ಕಳ್ಳ ಎಂದು ಹೊಡೆಯುತ್ತಿದ್ದಾರೆ. ಎಲೆ ಕೊಡಬೇಡಿ. ಜ್ವರ ಬಂದರೆ ಪ್ಯಾರಾಸಿಟಮಾಲ್ ಮಾತ್ರ, ಐಬುಪ್ರೊಫೇನ್ ಬೇಡ.

ಕುಣಿತ ಬಿಡಿಸಬೇಡಿ. ಕುಂಬಳೆ ಸೀಮೆಯಲ್ಲಿ ಹುಟ್ಟಿದ ಮಗುವಿಗೆ ಚೆಂಡೆ ಕೇಳಿಸಿ, ಕೂತಿರು ಎಂದರೆ ಆಗುತ್ತದಾ? ಪೆಟ್ಟಿನದ್ದಷ್ಟೇ ಚಿಂತೆ, ತಲೆಗೆ ಬೀಳುವ ಪೆಟ್ಟು ಮುಖ್ಯವಾಗಿ. ಎಷ್ಟು ಪ್ಲೇಟ್‌ಲೆಟ್ ಇದ್ದರೆ ಧಿಗಿಣ ಹಾರಬಹುದು ಎಂದು ಅವಳನ್ನು ನೋಡುವ ರಕ್ತದ ಡಾಕ್ಟ್ರನ್ನೇ ಕೇಳಿ, ಆ ಅಂಕಿಯನ್ನು ಭಾಗವತರಿಗೂ ಹೇಳಿಡಿ. ಕಡಿಮೆ ಇದ್ದ ವಾರ ಅಭಿನಯ, ಮಾತು, ತಾಳ ಕಲಿಯಲಿ. ವೇಷ ಕಟ್ಟುವವರಿಗೆ ಹೇಳಿ ಗೆಜ್ಜೆಯ ಕೆಳಗೆ ಎರಡು ಸುತ್ತು ಹಳೆಯ ಹತ್ತಿ ಪಂಚೆ ಸುತ್ತಿಸಿ. ಕಟ್ಟಿನೊಳಗೆ ಒಂದು ಬೆರಳು ಹೋಗುವಷ್ಟು ಸಡಿಲ ಇರಲಿ.