ಶಿಬಿರದ ನೆಮ್ಮದಿ ಮನೆಯಲ್ಲಿ ಯಾಕೆ ಉಳಿಯಲಿಲ್ಲ?

ಓದುಗರ ಪತ್ರ: ದಾವಣಗೆರೆಯಲ್ಲಿ ಬ್ಯಾಂಕ್ ಕೆಲಸದಲ್ಲಿದ್ದೇನೆ. ಹೋದ ವರ್ಷ ಹತ್ತು ದಿನದ ವಿಪಶ್ಯನ ಧ್ಯಾನ ಶಿಬಿರಕ್ಕೆ ಹೋಗಿ ಬಂದೆ. ಅಂಥ ನೆಮ್ಮದಿ ಹಿಂದೆಂದೂ ಕಂಡಿರಲಿಲ್ಲ. ಮನೆಗೆ ಬಂದು ತಿಂಗಳಾಗುವಷ್ಟರಲ್ಲಿ ಎಲ್ಲ ಕರಗಿಹೋಯಿತು. ಅತ್ತೆಗೆ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದಾರೆ. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಧ್ಯಾನಕ್ಕೆ ಕೂರಬೇಕು ಅಂತ ಶಿಬಿರದಲ್ಲಿ ಹೇಳಿದ್ದರು. ನನಗೆ ಹತ್ತು ನಿಮಿಷವೂ ಸಿಗುವುದಿಲ್ಲ. ಕೂತರೂ ಮನಸ್ಸು ನಿಲ್ಲುವುದಿಲ್ಲ. ಮೈದುನ ಇದೇ ಊರಲ್ಲಿದ್ದರೂ ಈ ಕಡೆ ತಲೆ ಹಾಕುವುದಿಲ್ಲ. ಹೇಳಿ ಮನಸ್ಸು ಕೆಡಿಸಿಕೊಳ್ಳುವುದು ಬೇಡ ಅಂತ ಸುಮ್ಮನಿದ್ದೇನೆ. ಸಂಸಾರಸ್ಥರಿಗೆ ಇದು ಆಗದ ಮಾತಾ? ಮತ್ತೊಮ್ಮೆ ಹತ್ತು ದಿನ ಹೋಗಿ ಬರಲೇ? (ಹೆಸರು ಬೇಡ ಎಂದಿದ್ದಾರೆ.)

ಸಂಪಾದಕರ ಉತ್ತರ:

ಸೋದರಿ, ನಮಸ್ಕಾರ.

ನೀವು ಕಲಿತ ಈ ವಿದ್ಯೆ ನಿಮ್ಮವರೆಗೆ ಬಂದಿದ್ದೇ ಸಂಸಾರಸ್ಥರ ಮೂಲಕ. ಬರ್ಮಾದಲ್ಲಿ ಸಯಾ ತೆಟ್‌ಜಿ ಎಂಬ ರೈತರಿದ್ದರು. 1937ರಲ್ಲಿ ಅವರ ಹತ್ತಿರ ಧ್ಯಾನ ಕಲಿತವರು ಊ ಬಾ ಖಿನ್. ಇವರು ಸರ್ಕಾರಿ ಲೆಕ್ಕಪತ್ರ ಇಲಾಖೆಗೆ ಗುಮಾಸ್ತರಾಗಿ ಸೇರಿದವರು. 1948ರ ಜನವರಿ 4ರಂದು, ಬರ್ಮಾ ಸ್ವತಂತ್ರವಾದ ದಿನವೇ, ಅಲ್ಲಿನ ಅಕೌಂಟೆಂಟ್ ಜನರಲ್ ಆದರು. ಹೆಂಡತಿ, ಮಕ್ಕಳು, ಫೈಲುಗಳು ಎಲ್ಲವೂ ಇದ್ದವು. ತಮ್ಮ ಕಚೇರಿಯ ಸಿಬ್ಬಂದಿಗೂ ಧ್ಯಾನ ಹೇಳಿಕೊಟ್ಟರು. ಅವರ ಶಿಷ್ಯ ಎಸ್. ಎನ್. ಗೋಯೆಂಕಾ ವ್ಯಾಪಾರಸ್ಥರು. ಮೈಗ್ರೇನ್ ತಾಳಲಾರದೆ 1955ರಲ್ಲಿ ಊ ಬಾ ಖಿನ್ ಹತ್ತಿರ ಹೋದವರು, 1969ರಲ್ಲಿ ಈ ವಿದ್ಯೆಯನ್ನು ಭಾರತಕ್ಕೆ ತಂದರು. ಈ ಮೂವರಲ್ಲಿ ಒಬ್ಬರೂ ಸನ್ಯಾಸಿಗಳಲ್ಲ.

ಆದರೆ ಮೂವರೂ ಗಂಡಸರು. ಅವರು ಕಣ್ಣು ಮುಚ್ಚಿ ಕೂತ ಹೊತ್ತಿನಲ್ಲಿ ಮನೆಯ ಒಲೆ ನೋಡಿಕೊಳ್ಳಲು ಬೇರೆ ಯಾರೋ ಇದ್ದಿರಬೇಕು, ಅಲ್ವಾ? ನಿಮ್ಮ ಪತ್ರ ಓದುವಾಗ ನನಗೆ ಇದೇ ಮತ್ತೆ ಮತ್ತೆ ಅನಿಸಿತು. ಶಿಬಿರದಲ್ಲಿ ಬೆಳಗಿನ ನಾಲ್ಕಕ್ಕೆ ಗಂಟೆ ಹೊಡೆದರೂ ತಿಂಡಿ ಬೇರೆಯವರು ಮಾಡಿರುತ್ತಾರೆ. ಫೋನ್ ಇಲ್ಲ, ಮಾತಿಲ್ಲ, ಯಾರೂ ನಿಮ್ಮನ್ನು ಕೂಗುವುದಿಲ್ಲ. ನಿಮಗೆ ಅಲ್ಲಿ ಸಿಕ್ಕ ನೆಮ್ಮದಿಯಲ್ಲಿ ಧ್ಯಾನದ ಪಾಲೆಷ್ಟೋ, ವಿಶ್ರಾಂತಿಯ ಪಾಲೂ ಅಷ್ಟೇ ಇತ್ತು ಎಂದು ನನ್ನ ನಂಬಿಕೆ. ಅದು ಕರಗಿದ್ದರಲ್ಲಿ ನಿಮ್ಮ ತಪ್ಪೇನೂ ಇಲ್ಲ.

ಇನ್ನು ಮನಸ್ಸು ನಿಲ್ಲದ ವಿಷಯ. ಅದು ಯಾರಿಗೂ ನಿಲ್ಲುವುದಿಲ್ಲ. 2010ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಕಿಲ್ಲಿಂಗ್ಸ್‌ವರ್ತ್ ಮತ್ತು ಗಿಲ್ಬರ್ಟ್ ಎಂಬ ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದರು. 2,250 ಜನರ ಫೋನಿಗೆ ಹೊತ್ತಲ್ಲದ ಹೊತ್ತಿನಲ್ಲಿ ಪ್ರಶ್ನೆ ಕಳಿಸುತ್ತಿದ್ದರು: ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಎಲ್ಲಿದೆ, ಹೇಗನಿಸುತ್ತಿದೆ? ಶೇಕಡಾ 47ರಷ್ಟು ಸಲ ಮನಸ್ಸು ಮಾಡುತ್ತಿದ್ದ ಕೆಲಸದಲ್ಲಿ ಇರಲಿಲ್ಲ. ಬೇರೆಲ್ಲೋ ಹೋಗಿದ್ದಾಗ ಜನ ಅಷ್ಟು ಖುಷಿಯಾಗಿಯೂ ಇರಲಿಲ್ಲ. ಹಿತವಾದ ಯೋಚನೆಯೇ ಬಂದಿದ್ದರೂ, ಕೈಯಲ್ಲಿದ್ದ ಕೆಲಸದಲ್ಲಿ ಮನಸ್ಸಿದ್ದಾಗಿನದಕ್ಕಿಂತ ಜಾಸ್ತಿ ಖುಷಿ ಕಂಡಿಲ್ಲ.

ಹಾಗಾಗಿ ಮನಸ್ಸು ಓಡಿಹೋದರೆ ಬೇಜಾರು ಮಾಡಿಕೊಳ್ಳಬೇಡಿ. 'ಅಯ್ಯೋ, ಎಲ್ಲೋ ಹೋಗಿಬಿಟ್ಟಿದ್ದೆನಲ್ಲ' ಎಂದು ಗೊತ್ತಾಗುತ್ತದಲ್ಲ, ಆ ಕ್ಷಣವೇ ಅಭ್ಯಾಸ. ಹತ್ತು ನಿಮಿಷದಲ್ಲಿ ಇಪ್ಪತ್ತು ಸಲ ಹೋದರೆ ಇಪ್ಪತ್ತು ಸಲ ಬಂದಿರಿ ಎಂದರ್ಥ. ಬೈದುಕೊಳ್ಳದೆ ಉಸಿರಿಗೆ ವಾಪಸ್ ಬನ್ನಿ, ಸಾಕು. ಎರಡು ಗಂಟೆ ಕೂರಲಾಗದಿದ್ದರೆ ಎಲ್ಲವೂ ವ್ಯರ್ಥ ಎಂಬ ಲೆಕ್ಕವನ್ನಂತೂ ಈಗಲೇ ಬಿಟ್ಟುಬಿಡಿ.

ಕೂರಲು ಹೊತ್ತಿಲ್ಲದಿದ್ದರೆ ಹೇಗೂ ಮಾಡುವ ಕೆಲಸದಲ್ಲೇ ಶುರು ಮಾಡಿ. ಹಾಸಿಗೆ ಹಿಡಿದವರಿಗೆ ಬೆನ್ನುಹುಣ್ಣು ಆಗದಿರಲಿ ಎಂದು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಲು ಹೇಳಿರುತ್ತಾರೆ. ಬೇಗ ಮುಗಿಸಿ ಮುಂದಿನ ಕೆಲಸಕ್ಕೆ ಓಡುವ ಆತುರ ಇದ್ದೇ ಇರುತ್ತದೆ. ದಿನಕ್ಕೆ ಒಂದು ಸಲ, ಒಂದೇ ಒಂದು ಸಲ, ಆತುರವಿಲ್ಲದೆ ಮಾಡಿ ನೋಡಿ. ಮೊದಲು ನಿಮ್ಮ ಪಾದ ನೆಲಕ್ಕೆ ಊರಿದ್ದು ಗಮನಿಸಿ. ಅತ್ತೆಯ ಭುಜದ ಕೆಳಗೆ ಕೈಯಿಟ್ಟಾಗ ಅಂಗೈಗೆ ತಾಗುವ ಬಿಸಿ, ತೂಕ, ಅವರ ಉಸಿರು ಮೇಲೆ ಕೆಳಗೆ ಆಗುವುದು, ನಿಮ್ಮ ಸೊಂಟ ಹಿಡಿದುಕೊಳ್ಳುವುದು, ಎಲ್ಲ ಗೊತ್ತಾಗಲಿ. ಸೊಂಟ ನೋಯುತ್ತಿದ್ದರೆ ನೋಯುತ್ತಿದೆ ಎಂಬುದೂ ಗೊತ್ತಾಗಲಿ. ಬೇಸರ ಬಂದರೆ ಬೇಸರ ಬಂದಿದೆ, ಅಷ್ಟೇ. ಅದನ್ನು ಭಕ್ತಿಯೆಂದೋ ಸೇವೆಯೆಂದೋ ದೊಡ್ಡದು ಮಾಡುವುದು ಬೇಡ. ಕೌಂಟರಿನಲ್ಲಿ ಒಬ್ಬರು ಹೋಗಿ ಇನ್ನೊಬ್ಬರು ಬರುವ ನಡುವೆಯೂ ಒಂದು ಪೂರ್ತಿ ಉಸಿರಿಗೆ ಜಾಗವಿದೆ.

ಮೈದುನನ ವಿಷಯದಲ್ಲಿ ಮಾತ್ರ ನಿಮ್ಮ ಮಾತು ನನಗೆ ಒಪ್ಪಿಗೆಯಿಲ್ಲ. ಹೇಳಬೇಕಾದ್ದನ್ನು ನುಂಗಿಕೊಂಡು ಕೂತರೆ ಮೇಲೆ ಮೌನ ಕಾಣಿಸುತ್ತದೆ, ಒಳಗೆ ಕುದಿ ನಿಂತಿರುವುದಿಲ್ಲ. ಧ್ಯಾನದ ಹೆಸರಿನಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಇನ್ನಷ್ಟು ತಾಳ್ಮೆಯನ್ನೇ ಕಲಿಸುವುದು ನನಗೆ ನೋವಿನ ಸಂಗತಿ. ಸಿಟ್ಟು ಬಂದಾಗ ಎದೆ ಬಿಸಿಯಾಗುವುದನ್ನು, ದವಡೆ ಬಿಗಿಯುವುದನ್ನು ನೋಡಿ. ಅದು ಸ್ವಲ್ಪ ಇಳಿದ ಮೇಲೆ ಗಂಡನನ್ನೂ ಮೈದುನನನ್ನೂ ಕೂರಿಸಿಕೊಂಡು, 'ವಾರದಲ್ಲಿ ಇಷ್ಟು ರಾತ್ರಿ ಅಮ್ಮನನ್ನು ನೀವು ನೋಡಿಕೊಳ್ಳಬೇಕು' ಎಂದು ಕೇಳಿ. ಅವರಿಗೆ ಆಕೆ ಹೆತ್ತ ತಾಯಿ.

ಕಣ್ಣು ಮುಚ್ಚಿದಾಗ ಭಯ ಜಾಸ್ತಿಯಾದರೆ, ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಬದುಕೇ ಸಾಕೆನಿಸಿದರೆ ಹಟ ಹಿಡಿದು ಕೂರಬೇಡಿ. ವೈದ್ಯರನ್ನು ಕಾಣಿ. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಮತ್ತೆ ಶಿಬಿರಕ್ಕೆ ಹೋಗಲೇ ಎಂದು ಕೇಳಿದ್ದೀರಿ. ಖಂಡಿತ ಹೋಗಿ. ಆದರೆ ಆ ದಿನಗಳಲ್ಲಿ ಅತ್ತೆಯ ಬಳಿ ಯಾರಿರುತ್ತಾರೆ ಎಂಬುದು ಮೊದಲು ತೀರ್ಮಾನವಾಗಲಿ. ಒಮ್ಮೆ ಹತ್ತು ದಿನ ಮುಗಿಸಿದವರಿಗೆ ಒಂದು ದಿನದ, ಮೂರು ದಿನದ ಶಿಬಿರಗಳೂ ಇರುತ್ತವೆ, ಅವಕ್ಕೂ ಶುಲ್ಕವಿಲ್ಲ. ಸದ್ಯಕ್ಕೆ ಒಂದು ಭಾನುವಾರ ಮೈದುನನಿಗೆ ಮನೆ ಒಪ್ಪಿಸಿ, ಆ ಒಂದು ದಿನದ್ದಕ್ಕೆ ಹೋಗಿ ಬನ್ನಿ.