ಊರಿಗೆ ಗೊತ್ತಾಗದ ಹಾಗೆ ಕುಡಿತ ಬಿಡಬೇಕಂತೆ

ಕುಡಿತ ಬಿಡೋದಕ್ಕೆ ಸಲಹೆ ಕೇಳಿಕೊಂಡು ಗಂಡ ಹೆಂಡತಿ ನನ್ನ ಹತ್ತಿರ ಬಂದಿದ್ದರು. ಗಂಡ ಸುರಪುರ ತಾಲ್ಲೂಕಿನ ಒಂದು ಸಣ್ಣ ಹಳ್ಳಿಯವರು. ನಲವತ್ತರ ಆಸುಪಾಸು, ಟ್ರ್ಯಾಕ್ಟರ್ ಓಡಿಸುತ್ತಾರೆ. (ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.) ಹಿಂದೊಮ್ಮೆ ಆಸ್ಪತ್ರೆ ಸೇರಿ ಬಿಟ್ಟಿದ್ದರು, ಊರಿಗೆ ಬಂದ ಮೇಲೆ ಯಾರದೋ ಮದುವೆಯಲ್ಲಿ ಮತ್ತೆ ಶುರು. ಮೊದಲಿಗೆ ಮಾತಾಡಿದ್ದೆಲ್ಲ ಹೆಂಡತಿಯೇ. ಇವರು ನಡುಗುವ ಕೈಯನ್ನು ಟವೆಲ್ಲಿನಲ್ಲಿ ಮುಚ್ಚಿಕೊಂಡು ಕೂತಿದ್ದರು.

ಎ.ಎ. (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಕೂಟ) ಸಭೆಗೆ ಹೋಗ್ತೀರಾ ಅಂತ ಗಂಡನನ್ನು ಕೇಳಿದೆ.

‘ನಮ್ಮೂರಾಗ ಎಲ್ಲದರೀ ಮೇಡಂ ಅದು? ಇದ್ರೂ ನಾ ಹೋಗಂಗಿಲ್ಲ, ಊರೆಲ್ಲಾ ಗೊತ್ತಾಗ್ತದ.’

‘ಬಸ್ ಸ್ಟ್ಯಾಂಡಿನಾಗ ಬಿದ್ದಾಗ ಗೊತ್ತಾಗಿಲ್ಲೇನು?’ ಅಂದರು ಹೆಂಡತಿ.

ನಗು ಬಂತು. ಆದರೆ ಗಂಡನ ಅಂಜಿಕೆ ಸುಳ್ಳಲ್ಲ. ಕುಡಿಯುವವನನ್ನು ಊರು ಬೈದು ಸುಮ್ಮನಾಗುತ್ತದೆ, ಬಿಡುತ್ತಿದ್ದಾನೆ ಅಂತ ಗೊತ್ತಾದರೆ ಎಷ್ಟು ದಿನ ನೋಡೋಣ ಅಂತ ಜೊತೆಗಾರರು ಬೇಕಂತಲೇ ಕರೆಯುತ್ತಾರೆ.

ಮೊದಲು ಡಾಕ್ಟರು ಅಂದೆ. ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು, ಆಮೇಲೆ ಇಲ್ಲದ್ದು ಕಾಣುವುದು, ಬಡಬಡಿಸುವುದು, ಜೀವಕ್ಕೇ ಅಪಾಯ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ, ಸಾಮಾನ್ಯವಾಗಿ ಮಂಗಳವಾರ. ರಾತ್ರಿ ಹೊತ್ತು ತಡೆಯೋಕೆ ಆಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಗಂಡ ಹೊರಗೆ ಹೋದಾಗ ಹೆಂಡತಿ ಮೆಲ್ಲಗೆ ಕೇಳಿದರು, ‘ಕುಡಿತ ಬಿಡಸಾಕ ಗೊತ್ತಾಗಧಂಗ ಸಾರಿನಾಗ ಹಾಕೋ ಪುಡಿ ಸಿಗ್ತದಂತಲ್ರೀ?’ ಬೇಡವೇ ಬೇಡ. ಅದರಲ್ಲಿ ಡೈಸಲ್ಫಿರಾಂ (ಕುಡಿತ ಬಿಡಿಸಲು ಕೊಡುವ ಔಷಧಿ) ಇದ್ದರೆ, ಅದು ಗೊತ್ತಿಲ್ಲದೆ ಅದರ ಮೇಲೆ ಕುಡಿದಾಗ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಅಪಾಯ ಬರಬಹುದು. ವೈದ್ಯರು ಅದನ್ನು ರೋಗಿಗೆ ಹೇಳಿಯೇ ಕೊಡುತ್ತಾರೆ.

ಇನ್ನು ಸಭೆ. ಊರಲ್ಲೇ ಆಗಬೇಕಂತಿಲ್ಲ ಅಲ್ವಾ? ಫೋನಿನಲ್ಲೇ ಸೇರುವ ಸಭೆಗಳಿವೆ, ಹೊಲದಲ್ಲಿ ಕೂತು ಕೇಳಬಹುದು. ಎ.ಎ.ಯಲ್ಲಿ ಫೀಸಿಲ್ಲ, ಹೆಸರಷ್ಟೇ ಸಾಕು, ಅಡ್ಡಹೆಸರು ಹೇಳಬೇಕಿಲ್ಲ. ನಮ್ಮ ಕಡೆ ಅಡ್ಡಹೆಸರು ಹೇಳಿದರೆ ಮನೆತನ, ಜಾತಿ ಎಲ್ಲಾ ಬಂತು, ಹಾಗಾಗಿ ಈ ಮಾತಿಗೆ ಅವರು ಮೊದಲ ಸಲ ತಲೆ ಎತ್ತಿದರು. ಹೆಂಡತಿ ಧರ್ಮಸ್ಥಳ ಸಂಘದಲ್ಲಿದ್ದಾರೆ. ಧರ್ಮಸ್ಥಳದವರೇ ನಡೆಸುವ ಮದ್ಯವರ್ಜನ (ಕುಡಿತ ಬಿಡಿಸುವ) ಶಿಬಿರ ಮುಗಿಸಿದವರ ನವಜೀವನ ಸಮಿತಿ ಹತ್ತಿರ ಎಲ್ಲಾದರೂ ಇದೆಯಾ ವಿಚಾರಿಸಿ ಅಂದೆ.

ಏನೂ ಸಿಗದಿದ್ದರೆ? ಇನ್ನೊಬ್ಬ ಬಿಟ್ಟವನು ಸಾಕು. 1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಎ.ಎ. ಶುರುವಾದದ್ದೇ ಇಬ್ಬರು ಕುಡುಕರು ಕೂತು ಮಾತಾಡಿದ್ದರಿಂದ. ಸ್ವಲ್ಪ ಹೊತ್ತು ಯೋಚಿಸಿ ‘ಬಾಜೂ ಊರಾಗ ಒಬ್ಬ ಗೌಂಡಿ ಅದಾನ್ರೀ, ಬಿಟ್ಟಾನ’ ಅಂದರು. ಸಂಜೆ ಕೆಲಸ ಮುಗಿದು ಕೈಗೆ ಕೂಲಿ ಬರುವ ಹೊತ್ತೇ ಕಷ್ಟ, ಆ ಹೊತ್ತಿಗೆ ಅವನಿಗೇ ಫೋನ್ ಮಾಡಿ, ಕೂಲಿ ಹೆಂಡತಿ ಕೈಗೆ ಕೊಡಿ ಅಂದೆ.

ಔಷಧಿ ನಡೆದಿದೆ, ಗೌಂಡಿಯ ಜೊತೆ ಮಾತೂ ನಡೆದಿದೆ. ಈಗ ಜಾತ್ರೆ ಹತ್ತಿರ ಬಂತು. ಆ ದಿನ ಹೆಂಡತಿಯ ತವರಿಗೆ ಹೋಗಿರಿ ಅಂದೆ, ಅಲ್ಲಿ ಕುಡಿಯುವ ಭಾವಮೈದ ಇದ್ದಾನಂತೆ. ಗೌಂಡಿಯ ಮನೆಯಲ್ಲೇ ಉಳಿಯೋದು ಅಂತ ಆಯಿತು.