ಡೇಟಾ ಸೋರಿತು, ದುಡ್ಡೂ ಹೋಯಿತು: ದೂರು ಯಾರ ಮೇಲೆ?

ಯಾವುದೋ ಕಂಪನಿಯ ಗ್ರಾಹಕರ ಡೇಟಾ ಸೋರಿದೆ ಎಂಬ ಸುದ್ದಿ ಬಂದರೆ ಸಾಕು, ನನಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ಮಾತು ಕೇಳುತ್ತವೆ: ‘ಕಂಪನಿಗೆ 250 ಕೋಟಿ ದಂಡ ಹಾಕ್ತಾರಂತೆ, ಅದರಲ್ಲಿ ನಮಗೆಷ್ಟು ಬರುತ್ತೆ?’ ಏನೂ ಬರುವುದಿಲ್ಲ. ಈ ಉತ್ತರವನ್ನು ಎಷ್ಟು ಸಲ ಕೊಟ್ಟರೂ ಪ್ರಶ್ನೆ ನಿಲ್ಲುತ್ತಿಲ್ಲ. ಬಾರದ ಹಣಕ್ಕೆ ಕಾಯುತ್ತ ಕೂತವರು, ನಿಜವಾಗಿ ಹಣ ಸಿಗಬಹುದಾದ ದಾರಿಯ ಗಡುವನ್ನು ಕಳೆದುಕೊಂಡು ಬರುತ್ತಾರೆ. ಅದಕ್ಕಾಗಿಯೇ ಈ ಸಲ ಒಂದು ಪತ್ರಕ್ಕೆ ವಿವರವಾಗಿ ಉತ್ತರಿಸುತ್ತೇನೆ. ಪಾಸ್‌ವರ್ಡ್ ಬದಲಿಸಿ, ಕಾರ್ಡ್ ಬ್ಲಾಕ್ ಮಾಡಿಸಿ ಎಂಬುದನ್ನೆಲ್ಲ ನೀವು ಆಗಲೇ ಮಾಡಿದ್ದೀರಿ ಎಂದುಕೊಂಡೇ ಮುಂದುವರಿಯುತ್ತೇನೆ.

ಪ್ರಶ್ನೆ: ಆನ್‌ಲೈನ್ ಮಳಿಗೆಯೊಂದರಲ್ಲಿ ಬಟ್ಟೆ ತರಿಸಿದ್ದೆ. ಅಳತೆ ಸರಿಯಾಗಲಿಲ್ಲ, ವಾಪಸು ಕಳಿಸಲು ಕೋರಿದೆ. ಮರುದಿನ ಕಸ್ಟಮರ್ ಕೇರ್‌ನವರು ಎಂದು ಒಬ್ಬ ಫೋನ್ ಮಾಡಿದ. ಆರ್ಡರ್ ನಂಬರ್, ಬಟ್ಟೆಯ ಬಣ್ಣ, ಕೊಟ್ಟ ಮೊತ್ತ ಎಲ್ಲ ಅವನೇ ಹೇಳಿದ. ನಂಬಿ ಅವನು ಹೇಳಿದ ಆ್ಯಪ್ ಹಾಕಿಕೊಂಡೆ. ಖಾತೆಯಿಂದ 68,000 ರೂಪಾಯಿ ಹೋಯಿತು. ಅಂದೇ ಬ್ಯಾಂಕಿಗೂ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ತಿಳಿಸಿದೆ. ಎರಡು ವಾರದ ಮೇಲೆ ಮಳಿಗೆಯಿಂದ ‘ಕೆಲವು ಗ್ರಾಹಕರ ಮಾಹಿತಿ ಹೊರಗಿನವರ ಕೈ ಸೇರಿದೆ’ ಎಂದು ಇಮೇಲ್ ಬಂತು. ಆ್ಯಪ್ ಹಾಕಿಕೊಂಡದ್ದು ನಿಮ್ಮ ತಪ್ಪು ಅನ್ನುತ್ತದೆ ಬ್ಯಾಂಕ್. ನಾವೂ ಹ್ಯಾಕರ್‌ಗಳಿಗೆ ಬಲಿಯಾದವರೇ ಅನ್ನುತ್ತದೆ ಕಂಪನಿ. ಹೊಸ ಡೇಟಾ ಕಾಯ್ದೆಯಡಿ ಕಂಪನಿಯ ಮೇಲೆ ಕೇಸು ಹಾಕಬಹುದೇ?

ಮೊದಲು ಬ್ಯಾಂಕನ್ನು ಹಿಡಿಯಿರಿ. ಕಂಪನಿಯ ಮೇಲಿನ ಸಿಟ್ಟಿನಲ್ಲಿ ಎಲ್ಲರೂ ಬ್ಯಾಂಕನ್ನು ಬಿಟ್ಟುಬಿಡುತ್ತಾರೆ. ಹಣ ಬೇಗ ವಾಪಸು ಬರುವ ಸಾಧ್ಯತೆ ಇರುವುದು ಅಲ್ಲೇ.

ಆರ್‌ಬಿಐ 2017ರ ಜುಲೈನಲ್ಲಿ ತಂದ ನಿಯಮ ಹೀಗಿದೆ: ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕರದೂ ಅಲ್ಲ, ಮೂರನೆಯವರ ಕಡೆಯಿಂದ ಆದದ್ದು ಎಂದಾದರೆ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದವರ ಹೊಣೆ ಸೊನ್ನೆ. ನಾಲ್ಕರಿಂದ ಏಳು ದಿನವಾದರೆ ಸಾಮಾನ್ಯ ಉಳಿತಾಯ ಖಾತೆಯವರ ಹೊಣೆ ಹೆಚ್ಚೆಂದರೆ 10,000 ರೂಪಾಯಿ. ತಿಳಿಸಿದ ಹತ್ತು ಕೆಲಸದ ದಿನಗಳಲ್ಲಿ ಬ್ಯಾಂಕು ಆ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ಜಮಾ ಮಾಡಬೇಕು, 90 ದಿನಗಳಲ್ಲಿ ದೂರು ಇತ್ಯರ್ಥಪಡಿಸಬೇಕು. ಗ್ರಾಹಕರ ತಪ್ಪಿತ್ತು ಎಂದು ರುಜುವಾತು ಮಾಡುವ ಭಾರವೂ ಬ್ಯಾಂಕಿನದೇ. ಕೌಂಟರಿನಲ್ಲಿ ಕೂತವರು ‘ನಿಮ್ಮ ತಪ್ಪು’ ಅಂದ ಮಾತ್ರಕ್ಕೆ ಆ ಭಾರ ನಿಮ್ಮ ಹೆಗಲಿಗೆ ಬರುವುದಿಲ್ಲ.

ನಿಮ್ಮಂಥದೇ ಪ್ರಕರಣ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. ಬಟ್ಟೆ ವಾಪಸು ಮಾಡಲು ಹೊರಟ ಗ್ರಾಹಕರೊಬ್ಬರಿಗೆ ಮಳಿಗೆಯ ಹೆಸರಿನಲ್ಲಿ ಕರೆ ಬಂತು. ಆ್ಯಪ್ ಹಾಕಿಸಿ 94,000ಕ್ಕೂ ಹೆಚ್ಚು ರೂಪಾಯಿ ಎತ್ತಿದರು. ಮಳಿಗೆಯ ವೆಬ್‌ಸೈಟಿನಿಂದ ಮಾಹಿತಿ ಸೋರಿತ್ತು. ಅವರು 24 ಗಂಟೆಯೊಳಗೆ ಬ್ಯಾಂಕಿಗೆ ತಿಳಿಸಿದ್ದರು. ಗ್ರಾಹಕರ ನಿರ್ಲಕ್ಷ್ಯವನ್ನು ಬ್ಯಾಂಕು ಸಾಬೀತು ಮಾಡಿಲ್ಲ, ಹಣ ಕೊಡಬೇಕು ಎಂದಿತು ಗುವಾಹಟಿ ಹೈಕೋರ್ಟ್. ಎಸ್‌ಬಿಐ ಮೇಲ್ಮನವಿಗೆ ಹೋಯಿತು. 2025ರ ಜನವರಿ 3ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನೇ ಎತ್ತಿಹಿಡಿಯಿತು. ಬ್ಯಾಂಕಿಗೆ ಬರೆಯುವ ದೂರಿನಲ್ಲಿ ಈ ತೀರ್ಪನ್ನೂ ಆರ್‌ಬಿಐ ನಿಯಮವನ್ನೂ ಹೆಸರಿಸಿ ಬರೆಯಿರಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬ್ಯಾಂಕುಗಳ ಮೇಲಿನ ದೂರು ಆಲಿಸುವ ಆರ್‌ಬಿಐ ಒಂಬುಡ್ಸ್‌ಮನ್ ಬಳಿ ಹೋಗಿ. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಒಂದು ಎಚ್ಚರಿಕೆ. ನೀವೇ ಬಾಯಿಬಿಟ್ಟು ಒಟಿಪಿ ಹೇಳಿದ್ದರೆ ಅದನ್ನು ಮುಚ್ಚಿಡಬೇಡಿ. ಬ್ಯಾಂಕಿಗೆ ತಿಳಿಸುವ ಮೊದಲು ಹೋದ ಹಣ ಆಗ ನಿಮ್ಮ ತಲೆಗೇ ಬರಬಹುದು, ನಿಜ. ಆದರೆ ದೂರಿನಲ್ಲಿ ಸುಳ್ಳಿದೆ ಎಂದು ಬ್ಯಾಂಕು ತೋರಿಸಿಬಿಟ್ಟರೆ ಇಡೀ ಪ್ರಕರಣವೇ ಬಿದ್ದುಹೋಗುತ್ತದೆ.

ಈಗ ಕಂಪನಿಯ ವಿಚಾರ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಡಿ ಭದ್ರತೆಯಲ್ಲಿ ಲೋಪವಾದರೆ 250 ಕೋಟಿವರೆಗೆ ದಂಡ, ಸೋರಿಕೆಯನ್ನು ತಿಳಿಸದೆ ಮುಚ್ಚಿಟ್ಟರೆ 200 ಕೋಟಿವರೆಗೆ ದಂಡ. ಆ ಹಣ ಹೋಗುವುದು ಭಾರತದ ಸಂಚಿತ ನಿಧಿಗೆ, ಅಂದರೆ ಸರ್ಕಾರದ ಖಜಾನೆಗೆ. ನೊಂದವರಿಗೆ ಪರಿಹಾರ ಕೊಡಿಸುವ ಅಧಿಕಾರವನ್ನು ಆ ಕಾಯ್ದೆ ಡೇಟಾ ಸಂರಕ್ಷಣಾ ಮಂಡಳಿಗೆ ಕೊಟ್ಟಿಲ್ಲ. ಸಾಲದ್ದಕ್ಕೆ, ಸುಳ್ಳು ಅಥವಾ ಕ್ಷುಲ್ಲಕ ದೂರು ಕೊಟ್ಟವರಿಗೂ 10,000 ರೂಪಾಯಿವರೆಗೆ ದಂಡ ಹಾಕಬಹುದು. ಅದರ ನಿಯಮಗಳು ಹೊರಬಿದ್ದದ್ದು 2025ರ ನವೆಂಬರಿನಲ್ಲಿ. ಕಂಪನಿಗಳ ಮುಖ್ಯ ಹೊಣೆಗಳು ಜಾರಿಗೆ ಬರುವುದು ಅಲ್ಲಿಂದ 18 ತಿಂಗಳಿಗೆ, ಅಂದರೆ 2027ರ ಮೇ ತಿಂಗಳಲ್ಲಿ.

ಆ ದಿನವೇ ಇನ್ನೊಂದು ಬದಲಾವಣೆಯೂ ಆಗಲಿದೆ, ಅದರ ಬಗ್ಗೆ ಯಾರೂ ಮಾತಾಡುತ್ತಿಲ್ಲ. ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 43ಎ ಕಲಂ ರದ್ದಾಗುತ್ತದೆ. ಸೂಕ್ಷ್ಮ ಮಾಹಿತಿಯನ್ನು ಕಾಪಾಡುವಲ್ಲಿ ನಿರ್ಲಕ್ಷ್ಯ ತೋರಿದ ಕಂಪನಿಯಿಂದ ನೊಂದವರಿಗೆ ನೇರವಾಗಿ ಪರಿಹಾರ ಕೊಡಿಸುವುದಕ್ಕೆಂದೇ ನಮ್ಮಲ್ಲಿದ್ದ ಕಲಂ ಅದು. ಕೊಡುತ್ತಿದ್ದ ಕಲಂ ತೆಗೆದು, ಕೊಡದ ಕಾಯ್ದೆ ತಂದದ್ದನ್ನು ಗ್ರಾಹಕರ ರಕ್ಷಣೆ ಎಂದು ನಾನು ಒಪ್ಪುವುದಿಲ್ಲ. 43ಎ ಅಡಿ ದೂರು ಕೊಡಬೇಕಿರುವುದು ರಾಜ್ಯದ ಐಟಿ ಇಲಾಖೆಯ ಕಾರ್ಯದರ್ಶಿಗೆ. ಐದು ಕೋಟಿವರೆಗಿನ ದಾವೆಗಳಿಗೆ ಅವರೇ ನ್ಯಾಯನಿರ್ಣಯ ಅಧಿಕಾರಿ. ಆರು ತಿಂಗಳೊಳಗೆ ಆದಷ್ಟು ಮಟ್ಟಿಗೆ ಮುಗಿಸಬೇಕು ಎಂದು ನಿಯಮ ಹೇಳುತ್ತದೆ, ಆದರೆ ಅದನ್ನು ನಂಬಿ ಲೆಕ್ಕ ಹಾಕಿಕೊಳ್ಳಬೇಡಿ. ಹಿಂದೆ ಆದ ಸೋರಿಕೆಗಳ ಹಕ್ಕು ಕಲಂ ರದ್ದಾದ ಮೇಲೂ ಉಳಿಯುತ್ತದೆ ಎಂದು ವಾದಿಸಬಹುದು. ಆ ವಾದದ ಗೊಡವೆಯೇ ಬೇಡ, ಮೇ ತಿಂಗಳಿಗೆ ಮುಂಚೆಯೇ ದಾಖಲಿಸಿ ಎಂಬುದು ನನ್ನ ಸಲಹೆ.

ಆದರೆ 43ಎ ಎಲ್ಲ ಮಾಹಿತಿಗೂ ಅನ್ವಯಿಸುವುದಿಲ್ಲ. 2011ರ ನಿಯಮಗಳ ಪ್ರಕಾರ ಸೂಕ್ಷ್ಮ ಮಾಹಿತಿ ಎಂದರೆ ಪಾಸ್‌ವರ್ಡ್, ಬ್ಯಾಂಕ್ ಮತ್ತು ಕಾರ್ಡ್ ವಿವರ, ಆರೋಗ್ಯದ ಮಾಹಿತಿ, ಬೆರಳಚ್ಚಿನಂಥ ಬಯೋಮೆಟ್ರಿಕ್, ಲೈಂಗಿಕ ಒಲವು. ಹೆಸರು, ಫೋನ್ ನಂಬರ್, ಆರ್ಡರ್ ವಿವರ ಆ ಪಟ್ಟಿಯಲ್ಲಿಲ್ಲ. ನಿಮ್ಮ ಕಾರ್ಡಿನ ವಿವರವೂ ಸೋರಿದೆಯೇ ಎಂಬುದು ಗೊತ್ತಾಗದೆ ಈ ದಾರಿ ಹಿಡಿಯಬೇಡಿ.

ನಿಮ್ಮ ಪತ್ರ ಓದಿದ ಮಟ್ಟಿಗೆ, ಕಂಪನಿಯ ವಿರುದ್ಧ ನಾನು ಆರಿಸುವುದು ಜಿಲ್ಲಾ ಗ್ರಾಹಕ ಆಯೋಗವನ್ನು. ನೀವು ದುಡ್ಡು ಕೊಟ್ಟು ಕೊಂಡವರು, ಹಾಗಾಗಿ ಕಾನೂನಿನ ಕಣ್ಣಲ್ಲಿ ಗ್ರಾಹಕರು. ಗ್ರಾಹಕರು ನಂಬಿ ಕೊಟ್ಟ ಮಾಹಿತಿಯನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎನ್ನುತ್ತದೆ. ‘ನಾವು ಕೊಡಲಿಲ್ಲ, ಕದ್ದರು’ ಎಂದು ಕಂಪನಿ ಹೇಳಿಯೇ ಹೇಳುತ್ತದೆ. ಆದ್ದರಿಂದ ಸೇವಾ ನ್ಯೂನತೆಯನ್ನೂ ಜೊತೆಗೆ ಸೇರಿಸಿ ಬರೆಯಿರಿ. ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಖರೀದಿಯ ಮೊತ್ತ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಹೋದ ಹಣದ ಜೊತೆಗೆ ಮಾನಸಿಕ ಯಾತನೆಗೂ ಪರಿಹಾರ ಕೇಳಬಹುದು. ಗಡುವು ಎರಡು ವರ್ಷ. ಬ್ಯಾಂಕನ್ನೂ ಎದುರುದಾರರನ್ನಾಗಿ ಸೇರಿಸುವ ಯೋಚನೆ ಇದ್ದರೆ ಒಂಬುಡ್ಸ್‌ಮನ್ ದೂರಿಗೆ ಮುಂಚೆಯೇ ತೀರ್ಮಾನಿಸಿ. ಒಂದೇ ವಿಷಯವನ್ನು ಎರಡೂ ಕಡೆ ಎತ್ತಿದರೆ ಒಂಬುಡ್ಸ್‌ಮನ್ ಮುಟ್ಟುವುದಿಲ್ಲ.

ಇಂಥ ಪ್ರಕರಣಗಳು ಸೋಲುವುದು ಬಹುಪಾಲು ಒಂದೇ ಪ್ರಶ್ನೆಯಲ್ಲಿ: ವಂಚಕನ ಕೈಗೆ ಸಿಕ್ಕ ಮಾಹಿತಿ ಈ ಕಂಪನಿಯಿಂದಲೇ ಹೋಯಿತು ಎನ್ನಲು ಏನು ಆಧಾರ? ನಿಮ್ಮ ಫೋನ್ ನಂಬರ್ ಎಷ್ಟೋ ಕಂಪನಿಗಳ ಬಳಿ ಇದೆ. ಆದರೆ ಆ ಆರ್ಡರ್ ನಂಬರ್, ಬಟ್ಟೆಯ ಬಣ್ಣ, ವಾಪಸು ಕೋರಿಕೆ ಆ ಮಳಿಗೆಯ ಬಳಿ ಮಾತ್ರ ಇದ್ದವು. ನಿಮ್ಮ ಪ್ರಕರಣದ ಜೀವ ಇರುವುದೇ ಅಲ್ಲಿ. ಕರೆ ಬಂದ ನಂಬರ್, ಹೊತ್ತು, ಅವನು ಯಾವ ಯಾವ ವಿವರವನ್ನು ತಾನಾಗಿ ಹೇಳಿದ, ನೀವು ಯಾವುದನ್ನು ಹೇಳಿದಿರಿ, ಎಲ್ಲವನ್ನೂ ಇಂದೇ ಬರೆದಿಡಿ. ತಿಂಗಳು ಕಳೆದರೆ ಎರಡೂ ಕಲಸಿಹೋಗುತ್ತವೆ, ಪಾಟೀಸವಾಲಿನಲ್ಲಿ ಸಿಕ್ಕಿಬೀಳುತ್ತೀರಿ. ಕಂಪನಿಯ ಇಮೇಲನ್ನು ಸ್ಕ್ರೀನ್‌ಶಾಟ್ ತೆಗೆದು ಅಳಿಸಬೇಡಿ, ಮೂಲವನ್ನೇ ಉಳಿಸಿ. ಎಲೆಕ್ಟ್ರಾನಿಕ್ ದಾಖಲೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂನ ಪ್ರಮಾಣಪತ್ರ, ಅಂದರೆ ದಾಖಲೆ ಅಸಲಿ ಎಂಬ ದೃಢೀಕರಣ, ಲಗತ್ತಿಸಿ. ಗ್ರಾಹಕ ಆಯೋಗ ಅಷ್ಟು ಬಿಗಿ ಮಾಡದೇ ಇರಬಹುದು, ನಾನಂತೂ ಅದಿಲ್ಲದೆ ದೂರು ಹಾಕುವುದಿಲ್ಲ.

ಇನ್ನು ಕಂಪನಿಯ ಕಡೆಯ ಸಾಕ್ಷ್ಯ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ ನಿರ್ದೇಶನದಂತೆ ಕಂಪನಿಗಳು ತಮ್ಮ ಸಿಸ್ಟಂ ಲಾಗ್‌ಗಳನ್ನು, ಅಂದರೆ ಕಂಪ್ಯೂಟರ್‌ಗಳಲ್ಲಿ ಯಾವಾಗ ಏನಾಯಿತು ಎಂಬ ದಾಖಲೆಯನ್ನು, 180 ದಿನ ಇಟ್ಟುಕೊಳ್ಳಬೇಕು. ಆಮೇಲೆ ಅಳಿಸಿದರೆ ಕೇಳುವಂತಿಲ್ಲ. ವಕೀಲರು ಸಿಗಲಿ, ಹಬ್ಬ ಮುಗಿಯಲಿ ಎಂದು ಕಾಯುವವರು ಕಳೆದುಕೊಳ್ಳುವುದು ಈ 180 ದಿನಗಳನ್ನೇ. ಈ ವಾರವೇ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಇಮೇಲ್ ಮತ್ತು ಸ್ಪೀಡ್ ಪೋಸ್ಟ್ ಎರಡರಲ್ಲೂ ನೋಟಿಸ್ ಕಳಿಸಿ. ನನ್ನ ಯಾವ ಮಾಹಿತಿ ಸೋರಿತು, ಯಾವ ದಿನ ಸೋರಿತು, ನಿಮಗೆ ಯಾವಾಗ ಗೊತ್ತಾಯಿತು, ನನಗೆ ತಿಳಿಸಲು ಇಷ್ಟು ದಿನ ಯಾಕೆ ಎಂದು ಕೇಳಿ. ಸಂಬಂಧಪಟ್ಟ ಲಾಗ್‌ಗಳನ್ನು ಅಳಿಸಕೂಡದು ಎಂದು ಸ್ಪಷ್ಟವಾಗಿ ಬರೆಯಿರಿ. ಅವರು ಉತ್ತರ ಕೊಡದಿದ್ದರೆ ಅದೂ ನಿಮ್ಮ ಪರ ಸಾಕ್ಷ್ಯವೇ. ಈ ನೋಟಿಸ್ ಬರೆಯಲು ವಕೀಲರು ಬೇಕಾಗಿಲ್ಲ.

ಪ್ರಶ್ನೆ: ನನ್ನ ಹೆಸರು, ವಿಳಾಸ, ಫೋನ್ ನಂಬರ್ ಸೋರಿದೆ. ಹಣವೇನೂ ಹೋಗಿಲ್ಲ, ಆದರೆ ಭಯ. ಪರಿಹಾರ ಸಿಗುತ್ತದೆಯೇ?

ಯುರೋಪಿನಲ್ಲಿ ಇದ್ದಿದ್ದರೆ ವಾದಿಸಬಹುದಿತ್ತು. ಮಾಹಿತಿ ದುರ್ಬಳಕೆಯಾದೀತೆಂಬ ಭಯವೂ ಹಾನಿ ಆಗಬಹುದು ಎಂದು ಅಲ್ಲಿನ ಉನ್ನತ ನ್ಯಾಯಾಲಯ 2023ರ ಡಿಸೆಂಬರಿನಲ್ಲಿ ಹೇಳಿದೆ. ಇಲ್ಲಿ ಬರಿಯ ಭಯದ ಮೇಲೆ ಕೇಸು ಹಾಕಬೇಡಿ. ಕಂಪನಿಗೆ ನೋಟಿಸ್ ಕೊಟ್ಟು ದಾಖಲೆ ಇಟ್ಟುಕೊಳ್ಳಿ, ಮುಂದೆ ನಷ್ಟವಾದರೆ ಬೇಕಾಗುತ್ತದೆ. ಅಮೆರಿಕದಲ್ಲಿ ಎಲ್ಲರಿಗೂ ಸಿಕ್ಕಿತಲ್ಲ ಎನ್ನುವವರಿಗೆ: ಅಲ್ಲಿನ ಕ್ರೆಡಿಟ್ ಬ್ಯೂರೋ ಈಕ್ವಿಫ್ಯಾಕ್ಸ್‌ನ ಸೋರಿಕೆಯ 2019ರ ಒಪ್ಪಂದದಲ್ಲಿ 125 ಡಾಲರ್ ಎಂದು ಪ್ರಚಾರವಾಯಿತು. ಆದರೆ ಆ ಬಾಬ್ತಿಗೆ ಇಟ್ಟದ್ದು 3.1 ಕೋಟಿ ಡಾಲರ್ ಮಾತ್ರ, ಸೋರಿದ್ದು ಸುಮಾರು 14.7 ಕೋಟಿ ಜನರ ಮಾಹಿತಿ. ಕೇಳಿದವರ ಕೈಗೆ ಬಂದದ್ದು ಅದರ ಸಣ್ಣ ತುಣುಕು.

ಪ್ರಶ್ನೆ: ಸೋರಿದ ಡೇಟಾವನ್ನು ಡಾರ್ಕ್ ವೆಬ್‌ನಿಂದ ಅಳಿಸಿಕೊಡುತ್ತೇವೆ, ಪರಿಹಾರವನ್ನೂ ಕೊಡಿಸುತ್ತೇವೆ ಎಂದು ಒಬ್ಬರು ಮುಂಗಡ ಕೇಳುತ್ತಿದ್ದಾರೆ.

ಕೊಡಬೇಡಿ. ಸೋರಿ ಹತ್ತಾರು ಕೈ ದಾಟಿದ ಡೇಟಾವನ್ನು ಯಾರೂ ಅಳಿಸಲಾರರು. ಸೋರಿದ ಪಟ್ಟಿಯಲ್ಲೇ ನಿಮ್ಮ ನಂಬರ್ ಹುಡುಕಿ ಕರೆ ಮಾಡುವ ಎರಡನೆಯ ಸುತ್ತಿನ ಕಳ್ಳರು ಇವರು. ಒಮ್ಮೆ ಸುಟ್ಟುಕೊಂಡವರನ್ನೇ ಹುಡುಕಿ ಮತ್ತೆ ದೋಚುವ ಈ ಜನರ ಬಗ್ಗೆ ನನಗೆ ಎಳ್ಳಷ್ಟೂ ತಾಳ್ಮೆಯಿಲ್ಲ. ಆ ನಂಬರನ್ನು 1930ಕ್ಕೆ ಕೊಡಿ.

ಪ್ರಶ್ನೆ: ಕಂಪನಿಯ ಷರತ್ತುಗಳಲ್ಲಿ ‘ವಿವಾದವೆಲ್ಲ ಮಧ್ಯಸ್ಥಿಕೆಗೆ’ ಎಂದಿದೆ. ಗ್ರಾಹಕ ಆಯೋಗಕ್ಕೆ ಹೋಗಬಹುದೇ?

ಹೋಗಬಹುದು. ಎಮಾರ್ ಎಂಜಿಎಫ್ ಪ್ರಕರಣದಲ್ಲಿ 2018ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಇತ್ಯರ್ಥಪಡಿಸಿದೆ.

ಪ್ರಶ್ನೆ: ಎಫ್‌ಐಆರ್ ಆಗಿದೆ. ಇನ್ನೇನು ಬೇಕು?

ಎಫ್‌ಐಆರ್ ಕಳ್ಳನನ್ನು ಹಿಡಿಯಲು. ಕಂಪನಿಯಿಂದ ಹಣ ಕೊಡಿಸುವುದು ಅದರ ಕೆಲಸವಲ್ಲ. ಪ್ರತಿ ಇಟ್ಟುಕೊಂಡು ಮೇಲಿನ ದಾರಿ ಹಿಡಿಯಿರಿ.

ಪ್ರಶ್ನೆ: ಸೋರಿಕೆಯಾದ ಮೇಲೆ ನನ್ನ ಹೆಸರಿನಲ್ಲಿ ಯಾರೋ ಸಾಲ ತೆಗೆದಿದ್ದಾರೆ. ವಸೂಲಿಗೆ ಫೋನ್ ಬರುತ್ತಿದೆ. ಕಂತು ಕಟ್ಟಿ ಮುಗಿಸಿಬಿಡಲೇ?

ಒಂದು ಕಂತೂ ಕಟ್ಟಬೇಡಿ. ಕಟ್ಟಿದರೆ ಸಾಲ ನಿಮ್ಮದೇ ಎಂದು ಒಪ್ಪಿಕೊಂಡಂತೆ ವಾದಿಸುತ್ತಾರೆ. ಸಾಲ ಕೊಟ್ಟವರಿಗೂ, ಎಲ್ಲರ ಸಾಲದ ಇತಿಹಾಸ ಇಡುವ ಕ್ರೆಡಿಟ್ ಬ್ಯೂರೋಗೂ ಲಿಖಿತ ತಕರಾರು ಕೊಡಿ, ಎಫ್‌ಐಆರ್ ಪ್ರತಿ ಲಗತ್ತಿಸಿ, ಸಾಲದ ಅರ್ಜಿ, ಕೆವೈಸಿ ದಾಖಲೆ ಮತ್ತು ಹಣ ಹೋದ ಖಾತೆಯ ವಿವರ ಕೇಳಿ. ಹಣ ನಿಮ್ಮ ಖಾತೆಗೆ ಬಂದಿಲ್ಲ ಎಂಬುದು ಅಲ್ಲೇ ಗೊತ್ತಾಗುತ್ತದೆ. 30 ದಿನಗಳಲ್ಲಿ ಸರಿಪಡಿಸದಿದ್ದರೆ ಆಮೇಲಿನ ಪ್ರತಿ ದಿನಕ್ಕೂ 100 ರೂಪಾಯಿ ನಿಮಗೆ ಕೊಡಬೇಕು ಎಂಬ ಆರ್‌ಬಿಐ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ತಕರಾರಿನ ಸ್ವೀಕೃತಿ ಸಂಖ್ಯೆ ಮತ್ತು ದಿನಾಂಕ ಜೋಪಾನ ಮಾಡಿ, ದಿನದ ಲೆಕ್ಕ ಶುರುವಾಗುವುದು ಅಲ್ಲಿಂದಲೇ. ನಾಲ್ಕೂ ಬ್ಯೂರೋಗಳಿಂದ ವರ್ಷಕ್ಕೊಮ್ಮೆ ಉಚಿತ ವರದಿ ಸಿಗುತ್ತದೆ, ನಾಲ್ಕನ್ನೂ ತೆಗೆಸಿ ನೋಡಿ. ಒಂದು ಸಾಲ ಕಂಡವರು ಹುಡುಕಿದಾಗ ಎರಡನೆಯದೂ ಸಿಕ್ಕ ಉದಾಹರಣೆಗಳು ನನ್ನ ಕಡತಗಳಲ್ಲಿವೆ.